ಹೊರದೇಶಕ್ಕೆ ಯಾಕೆ ಹೋಗುತ್ತಾರೆ? ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಮಟಾದವನು. ಮಸ್ಕತ್‌ನಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ವಾಪಸ್ ಬಂದಿದ್ದೇನೆ. ಕಾರವಾರ, ಅಂಕೋಲಾ ಕಡೆಯ ಹುಡುಗರು ಫೋನ್ ಮಾಡಿ ಕೇಳುತ್ತಾರೆ, ಸಿರ್ಸಿ, ಸಿದ್ದಾಪುರ ಕಡೆಯಿಂದ ಅವರ ಅಪ್ಪ-ಆಯಿ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಹೋಗಿ ಎಂದಾಗಲಿ ಬೇಡ ಎಂದಾಗಲಿ ನಾನು ಯಾರಿಗೂ ಹೇಳುವುದಿಲ್ಲ. ಯಾಕೆ ಹೋಗುತ್ತಿದ್ದೀರಿ ಎಂದು ಮಾತ್ರ ಮೊದಲು ಕೇಳುತ್ತೇನೆ. ಯಾವ ದೇಶ, ಎಷ್ಟು ವರ್ಷ, ಎಷ್ಟು ಸಾಲ, ಮನೆಯಲ್ಲಿ ಉಳಿದವರ ಕಥೆ ಏನು, ಇದೆಲ್ಲಾ ಆ ಒಂದು ಉತ್ತರದ ಮೇಲೆಯೇ ನಿಂತಿರುತ್ತದೆ.

ಎಲ್ಲರೂ ಹೋಗುವುದು ದುಡ್ಡಿಗೇ ಅಲ್ವಾ?

ದುಡ್ಡು ಇದ್ದೇ ಇದೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಯಾವ ದುಡ್ಡು ಎಂದು ಕೇಳಿಕೊಳ್ಳಿ. ಮನೆಯ ಸಾಲ ತೀರಿಸುವ ದುಡ್ಡು, ತಂಗಿಯ ಮದುವೆಯ ದುಡ್ಡು, ಒಂದು ಸ್ಲ್ಯಾಬ್ ಮನೆ ಕಟ್ಟುವ ದುಡ್ಡು ಆದರೆ ಅದಕ್ಕೊಂದು ಲೆಕ್ಕ ಇರುತ್ತದೆ, ಮುಗಿಯುವ ದಿನವೂ ಇರುತ್ತದೆ. ಒಳ್ಳೆಯ ಬದುಕು ಬೇಕು ಎಂಬ ಆಸೆಗೆ ಹಾಗೆ ಕೊನೆ ಇಲ್ಲ. ಎರಡೂ ಸರಿಯೇ, ಎರಡರ ದಾರಿ ಮಾತ್ರ ಬೇರೆ ಬೇರೆ.

ದುಡ್ಡು ಬಿಟ್ಟರೂ ಎಷ್ಟೋ ಕಾರಣ ಇವೆ. ಕಲಿತ ವಿದ್ಯೆಗೆ ತಕ್ಕ ಕೆಲಸ ಇಲ್ಲಿ ಇರುವುದಿಲ್ಲ. ಅಣ್ಣ ಅಲ್ಲೇ ಇರುತ್ತಾನೆ, ಕರೆಸಿಕೊಳ್ಳುತ್ತಾನೆ. ಮದುವೆಯಾಗಿ ಹೋಗುವವರಿದ್ದಾರೆ. ಜಾತಿ, ಮನೆತನ, ಯಾರ ಜೊತೆ ಓಡಾಡಿದೆ ಎಂದು ದಿನಾ ಯಾರೋ ಕೇಳುವುದು ಸಾಕಾಗಿ ಹೋಗುವವರೂ ಇದ್ದಾರೆ. ಈ ಕೊನೆಯ ಕಾರಣವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೆಲಸಕ್ಕೆ ಎಂದೇ ಹೇಳಿ ಹೊರಡುತ್ತಾರೆ. ನನ್ನ ಜೊತೆ ಮಾತಾಡಿದ ಹುಡುಗಿಯರಲ್ಲಿ ಜಾಸ್ತಿ ಜನ ಕೊನೆಗೆ ಇದನ್ನೇ ಹೇಳಿದ್ದಾರೆ.

ಭಟ್ಕಳದಿಂದ ಅಷ್ಟೊಂದು ಜನ ದುಬೈಗೆ ಯಾಕೆ ಹೋದರು?

ಅವರಿಗೆ ಸಮುದ್ರ ದಾಟುವುದು ಹೊಸದಲ್ಲ. ವಿಜಯನಗರದ ಕಾಲದಲ್ಲಿ ಅರಬರ ಕುದುರೆಗಳು ಇಳಿಯುತ್ತಿದ್ದದ್ದು ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲಿ. ಅಲ್ಲಿಯ ಮುಸ್ಲಿಂ ಸಮುದಾಯವಾದ ನವಾಯತರು ತಲೆತಲಾಂತರದಿಂದ ವ್ಯಾಪಾರದವರು. ಗಲ್ಫ್‌ಗೆ ಮೊದಲು ಮದ್ರಾಸ್, ಮುಂಬೈ, ಕಲ್ಕತ್ತಾಗಳಲ್ಲಿ ಅಂಗಡಿ ಇಟ್ಟವರು. 1973ರಲ್ಲಿ ಎಣ್ಣೆಯ ಬೆಲೆ ಏರಿತು, ಅರಬ್ ದೇಶಗಳಲ್ಲಿ ರಸ್ತೆ, ಬಂದರು, ಊರು ಕಟ್ಟುವ ಕೆಲಸ ಒಮ್ಮೆಲೇ ಶುರುವಾಯಿತು, ಆಗ ಅವರು ಆ ಕಡೆ ತಿರುಗಿದರು. ಒಬ್ಬ ಹೋಗಿ ನೆಲೆ ನಿಂತರೆ ತಮ್ಮನನ್ನು ಕರೆಸುತ್ತಾನೆ, ತಮ್ಮ ಭಾವನನ್ನು ಕರೆಸುತ್ತಾನೆ. ಇಳಿದ ದಿನವೇ ಮಲಗಲು ಜಾಗ, ಊಟ, ಕೆಲಸ ಹುಡುಕಿಕೊಡುವ ಜನ ಇರುತ್ತಾರೆ. ಏಜೆಂಟನ ಕೈಯಲ್ಲಿ ಸಿಕ್ಕಿ ಒಬ್ಬಂಟಿಯಾಗಿ ಹೋಗುವ ಅಂಕೋಲಾದ ವೆಲ್ಡರ್ ಹುಡುಗನಿಗೂ, ಚಿಕ್ಕಪ್ಪನ ಅಂಗಡಿಗೆ ಹೋಗುವ ಭಟ್ಕಳದ ಹುಡುಗನಿಗೂ ಇರುವ ವ್ಯತ್ಯಾಸ ಇದೇ. ನಮ್ಮಲ್ಲಿ ಉಳಿದವರು ಭಟ್ಕಳದವರಿಂದ ಕಲಿಯಬೇಕಾದದ್ದು ಇದನ್ನು ಎಂದು ನನಗೆ ಅನಿಸುತ್ತದೆ.

ಸಿರ್ಸಿ ಕಡೆ ತೋಟ ಇದ್ದವರ ಮಕ್ಕಳೂ ಹೋಗುತ್ತಾರಲ್ಲ? ಉಣ್ಣಲು ಉಡಲು ಏನು ಕಮ್ಮಿ?

ಈ ಪ್ರಶ್ನೆಯನ್ನು ಕೇಳುವವರು ಹೆಚ್ಚಾಗಿ ಕರಾವಳಿಯವರು. ಹೊರಗಿನಿಂದ ನೋಡಿದರೆ ಅಡಿಕೆಗೆ ರೇಟು ಇದೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಇದೆ, ದೊಡ್ಡ ಮನೆ ಇದೆ. ಒಳಗೆ ಹೋಗಿ ನೋಡಿ. ಅಜ್ಜನ ಕಾಲದಲ್ಲಿ ನಾಲ್ಕು ಎಕರೆ ಇದ್ದ ತೋಟ ಪಾಲಾಗಿ ಪಾಲಾಗಿ ಈಗ ಒಬ್ಬೊಬ್ಬರಿಗೆ ಅರ್ಧ, ಮುಕ್ಕಾಲು ಎಕರೆ. ಮಳೆ ಜೋರಾದ ವರ್ಷ ಕೊಳೆ ರೋಗ, ಅದರ ಮೇಲೆ ಈಗ ಎಲೆಚುಕ್ಕಿ ರೋಗ. ಮದ್ದು ಹೊಡೆಯಲು, ಕೊನೆ ಕೊಯ್ಯಲು ಮರ ಹತ್ತುವ ಕೊನೆಗೌಡರು ಸಿಗುವುದಿಲ್ಲ, ಸಿಕ್ಕರೂ ಅವರ ದಿನಕ್ಕೆ ಕಾಯಬೇಕು, ಅಷ್ಟರಲ್ಲಿ ಕಾಯಿ ಉದುರಿರುತ್ತದೆ. ಇದನ್ನೆಲ್ಲಾ ಕಣ್ಣಾರೆ ನೋಡಿದ ಅಪ್ಪನೇ ಮಗನಿಗೆ ನೀನು ಓದು, ಇದರಲ್ಲಿ ಬೀಳಬೇಡ ಎಂದು ಹೇಳಿರುತ್ತಾನೆ. ಮಗ ಓದುತ್ತಾನೆ. ಇಂಜಿನಿಯರ್ ಆದವನಿಗೆ ಸಿರ್ಸಿಯಲ್ಲಿ, ಯಲ್ಲಾಪುರದಲ್ಲಿ ಕೆಲಸ ಎಲ್ಲಿದೆ? ಬೆಂಗಳೂರಿಗೆ ಹೋಗುತ್ತಾನೆ, ಕಂಪನಿ ಅಲ್ಲಿಂದ ಅಮೆರಿಕಾಕ್ಕೋ ಜರ್ಮನಿಗೋ ಕಳಿಸುತ್ತದೆ. ಹೊರದೇಶಕ್ಕೆ ಹೋಗಬೇಕು ಎಂದು ಅವನು ಯಾವತ್ತೂ ಕೂತು ತೀರ್ಮಾನ ಮಾಡಿರುವುದೇ ಇಲ್ಲ. ಊರು ಬಿಡುವ ತೀರ್ಮಾನ ಹತ್ತನೇ ಕ್ಲಾಸಿನಲ್ಲೇ ಆಗಿಹೋಗಿರುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ತೋಟದಲ್ಲಿ ಉಳಿದ ಮಾಣಿಗೆ ಮದುವೆಗೆ ಹೆಣ್ಣು ಸಿಗುವುದಿಲ್ಲ. ಸಿರ್ಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಮೂವತ್ತೈದು, ನಲವತ್ತು ದಾಟಿದರೂ ಮದುವೆಯಾಗದ ಕೃಷಿಕ ಗಂಡಸರು ಎಷ್ಟು ಊರಲ್ಲಿ ಇದ್ದಾರೆ ಎಂದು ನಿಮಗೇ ಗೊತ್ತು. ಹುಡುಗಿಯರನ್ನು ಬೈದು ಪ್ರಯೋಜನವಿಲ್ಲ. ಓದಿದ ಹುಡುಗಿ ಕೊಟ್ಟಿಗೆ ಕೆಲಸ, ಬಚ್ಚಲ ಒಲೆ, ಮನೆ ತುಂಬಾ ಜನರ ಅಡಿಗೆ ಮಾಡುತ್ತಾ ತನ್ನ ವಿದ್ಯೆ ಮರೆಯಲು ಯಾಕೆ ಒಪ್ಪಬೇಕು? ಆದರೆ ಇದರಿಂದ ಆಗುವುದು ಏನೆಂದರೆ ಊರಲ್ಲಿ ಉಳಿಯಬೇಕು ಎಂದು ನಿಜವಾಗಿ ಆಸೆ ಇದ್ದ ಹುಡುಗನೂ ಹೊರಟುಬಿಡುತ್ತಾನೆ.

ಕಾರವಾರದಲ್ಲಿ ಕೈಗಾ ಇದೆ, ನೌಕಾನೆಲೆ ಇದೆ. ಅಲ್ಲಿ ಕೆಲಸ ಸಿಗುವುದಿಲ್ಲವಾ?

ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ ಇವೆ, 700 ಮೆಗಾವ್ಯಾಟಿನ ಇನ್ನೆರಡರ ಕೆಲಸ ಸಾಗಿದೆ. ಕದಂಬ ನೌಕಾನೆಲೆ 2005ರಲ್ಲಿ ಶುರುವಾಯಿತು, ಅದಕ್ಕಾಗಿ ಕಾರವಾರ, ಅಂಕೋಲಾದ ಎಷ್ಟೋ ಕುಟುಂಬಗಳು ಮನೆ, ಗದ್ದೆ, ದಡ ಬಿಟ್ಟು ಎದ್ದವು. ಪರಿಹಾರಕ್ಕಾಗಿ ಅವರು ದಶಕಗಳ ಕಾಲ ಅಲೆದರು. ಆದರೆ ಕಾಯಂ ಕೆಲಸಗಳಿಗೆ ಇಡೀ ದೇಶದವರು ಪರೀಕ್ಷೆ ಬರೆಯುತ್ತಾರೆ. ನಮ್ಮವರಿಗೆ ಜಾಸ್ತಿ ಸಿಗುವುದು ಗುತ್ತಿಗೆಯ ಕೆಲಸ. ಇವತ್ತು ಇರುತ್ತದೆ, ಗುತ್ತಿಗೆದಾರ ಬದಲಾದರೆ ನಾಳೆ ಇರುವುದಿಲ್ಲ. ಐಟಿಐ ಮಾಡಿದ ಹುಡುಗ ಇಲ್ಲಿ ಗುತ್ತಿಗೆಯಲ್ಲಿ ಒಂದಿಷ್ಟು ದಿನ ಕೈ ಪಳಗಿಸಿಕೊಂಡು ಅದೇ ಅನುಭವದ ಮೇಲೆ ಅಬುಧಾಬಿಗೋ ಕತಾರ್‌ಗೋ ಹೋಗುತ್ತಾನೆ. ನೆಲ ಕೊಟ್ಟವರ ಮಕ್ಕಳಿಗೆ ಆ ನೆಲದ ಮೇಲೆ ಕಾಯಂ ಕೆಲಸ ಸಿಗದಿದ್ದರೆ ಅವರು ಹೊರಡುವುದರಲ್ಲಿ ಆಶ್ಚರ್ಯವೇನಿದೆ? ಇದು ನನಗೆ ಇವತ್ತಿಗೂ ನೋವಿನ ವಿಷಯ.

ಆಸ್ಪತ್ರೆ ಇಲ್ಲ ಎಂದು ಊರು ಬಿಡುವವರೂ ಇದ್ದಾರಾ?

ಇದ್ದಾರೆ. ದೊಡ್ಡ ಅಪಘಾತವಾದರೆ, ಹೃದಯದ ತೊಂದರೆಯಾದರೆ ನಾವು ಈಗಲೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ಕಡೆ ಓಡಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು 2019ರಲ್ಲಿ, ಮತ್ತೆ 2022ರಲ್ಲಿ ಜನ ಎಷ್ಟು ಕೂಗಿದರು ನೆನಪಿದೆಯಲ್ಲ? ಸಣ್ಣ ಮಕ್ಕಳಿದ್ದವರು ಇದನ್ನು ಲೆಕ್ಕ ಹಾಕಿಯೇ ಹಾಕುತ್ತಾರೆ. ಆದರೆ ಒಂದು ಗಮನಿಸಿ. ನೀವು ಹೋದರೆ ನಿಮ್ಮ ಮಕ್ಕಳಿಗೆ ಆಸ್ಪತ್ರೆ ಹತ್ತಿರವಾಗುತ್ತದೆ, ಇಲ್ಲೇ ಉಳಿದ ಅಪ್ಪ-ಅಮ್ಮನಿಗೆ ಅದು ಅಷ್ಟೇ ದೂರದಲ್ಲಿ ಇರುತ್ತದೆ, ಕಾರು ಬಿಡುವ ಮಗ ಮಾತ್ರ ಇರುವುದಿಲ್ಲ.

ಗಲ್ಫ್ ಒಳ್ಳೆಯದಾ, ಅಮೆರಿಕಾ, ಯುರೋಪ್, ಕೆನಡಾ ಒಳ್ಳೆಯದಾ?

ಈ ಪ್ರಶ್ನೆಗೆ ನಿಮ್ಮ ಕಾರಣ ಗೊತ್ತಿಲ್ಲದೆ ಯಾರು ಉತ್ತರ ಕೊಟ್ಟರೂ ನಂಬಬೇಡಿ.

ಸಾಲ ತೀರಿಸಬೇಕು, ಮನೆ ಕಟ್ಟಬೇಕು, ಮತ್ತೆ ಊರಿಗೇ ಬರಬೇಕು ಎಂದಿದ್ದರೆ ಗಲ್ಫ್ ಹೊಂದುತ್ತದೆ. ಸಂಬಳದ ಮೇಲೆ ತೆರಿಗೆ ಇಲ್ಲ. ಒಮಾನ್ 2028ರಿಂದ ವರ್ಷಕ್ಕೆ 42,000 ರಿಯಾಲ್ ದಾಟಿದವರಿಗೆ ಹಾಕುತ್ತದೆ, ಕೂಲಿ ಮಾಡುವವರಿಗೆ ಅದು ತಾಗುವುದಿಲ್ಲ. ಗೋವಾದಿಂದಲೋ ಮಂಗಳೂರಿನಿಂದಲೋ ವಿಮಾನ ಹತ್ತಿದರೆ ಮೂರು ನಾಲ್ಕು ತಾಸು, ಮನೆಯಲ್ಲಿ ಏನಾದರೂ ಆದರೆ ಮಾರನೇ ದಿನ ಬಂದು ಮುಟ್ಟಬಹುದು. ಆದರೆ ಅಲ್ಲಿ ನೀವು ಎಷ್ಟು ವರ್ಷ ಇದ್ದರೂ ಅಲ್ಲಿಯವರಾಗುವುದಿಲ್ಲ. ವೀಸಾ ಕೆಲಸಕ್ಕೆ ಕಟ್ಟಿರುತ್ತದೆ, ಕೆಲಸ ಹೋದರೆ ಹೊರಡಬೇಕು. ಸೆಖೆಯ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಎಂದು ಕಾನೂನೇ ಇದೆ ಎಂದರೆ ಆ ಬಿಸಿಲು ಹೇಗಿರುತ್ತದೆ ಎಂದು ನೀವೇ ಅಂದಾಜು ಮಾಡಿ. ಕೆಲಸ ಬಿಡುವಾಗ ಗ್ರಾಚ್ಯುಟಿ ಕೇಳಿ ತೆಗೆದುಕೊಳ್ಳಿ. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಎಷ್ಟೋ ಜನ ಗೊತ್ತಿಲ್ಲದೆ ಬಿಟ್ಟು ಬರುತ್ತಾರೆ.

ಮಕ್ಕಳು ಅಲ್ಲೇ ಬೆಳೆಯಬೇಕು, ನೆಲೆ ನಿಲ್ಲಬೇಕು ಎಂದಿದ್ದರೆ ಗಲ್ಫ್ ಆ ಆಸೆ ತೀರಿಸುವುದಿಲ್ಲ. ಅಮೆರಿಕಾ ಈಗ ತುಂಬಾ ಕಷ್ಟ. ಅಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾ ವರ್ಷಕ್ಕೆ 65,000, ಅಲ್ಲಿಯೇ ಸ್ನಾತಕೋತ್ತರ ಪದವಿ ಮಾಡಿದವರಿಗೆ ಇನ್ನೂ 20,000, ಅದನ್ನೂ ಲಾಟರಿ ಎತ್ತಿ ಕೊಡುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಹೊರಗಿನಿಂದ ಹೊಸದಾಗಿ ಕರೆಸುವ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಆದೇಶ ಮಾಡಿದರು. ಕಾಯಂ ನೆಲೆಸಲು ಕೊಡುವ ಗ್ರೀನ್ ಕಾರ್ಡ್‌ನಲ್ಲಿ ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ ಇರುವುದರಿಂದ ಭಾರತದವರ ಸರದಿ ದಶಕಗಳಷ್ಟು ಉದ್ದ ಇದೆ. ಅಲ್ಲಿ ಹದಿನೈದು ವರ್ಷ ಇದ್ದು, ಮನೆ ಕೊಂಡು, ಇನ್ನೂ ವೀಸಾ ನವೀಕರಣದ ಚಿಂತೆಯಲ್ಲಿರುವ ಸಿರ್ಸಿ ಕಡೆಯವರು ಇದ್ದಾರೆ.

ಓದಲು ಹೋಗುವವರಿಗೆ ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಆದರೆ ವರ್ಷದ ಖರ್ಚಿಗೆ 11,904 ಯೂರೋ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು, ಮತ್ತೆ ಜರ್ಮನ್ ಕಲಿಯದೆ ಕೆಲಸ ಸಿಗುವುದು ಕಷ್ಟ. ಕೆನಡಾ 2024ರಿಂದ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದೆ. ಬ್ರಿಟನ್‌ನಲ್ಲಿ 2024ರ ಜನವರಿಯಿಂದ ಸಾಮಾನ್ಯ ಮಾಸ್ಟರ್ಸ್ ಓದುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ವಯಸ್ಸಾದವರ, ರೋಗಿಗಳ ಆರೈಕೆ ಮಾಡುವ ಕೇರ್ ವರ್ಕರ್ ಕೆಲಸಕ್ಕೆ ಹೊರಗಿನಿಂದ ಹೊಸಬರನ್ನು ತರುವುದನ್ನು 2025ರ ಜುಲೈನಲ್ಲಿ ನಿಲ್ಲಿಸಿದರು. ಇನ್ನೂ ಆ ವೀಸಾ ಕೊಡಿಸುತ್ತೇನೆ ಎಂದು ದುಡ್ಡು ಕೇಳುವವರ ಮಾತು ಕೇಳಬೇಡಿ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ, ತೋಟ ಅಡವಿಟ್ಟು ಓದಲು ಹೋಗುವ ಮುಂಚೆ ಆಯಾ ದೇಶದ ಸರಕಾರಿ ವೆಬ್‌ಸೈಟನ್ನು ನೀವೇ ತೆರೆದು ಓದಿ.

ಹಡಗಿನ ಕೆಲಸ ಹೊರದೇಶದ ಕೆಲಸವೇ?

ಅರ್ಧ ಹೌದು. ವಾಸ ಊರಲ್ಲೇ, ದುಡಿಮೆ ಹೊರಗೆ. ಆರೆಂಟು ತಿಂಗಳು ಹಡಗು, ಆಮೇಲೆ ಮನೆ. ಕಡಲಿನ ಜೊತೆ ಬೆಳೆದ ನಮ್ಮ ಹುಡುಗರಿಗೆ ಇದು ಇಷ್ಟ. ಸಿಡಿಸಿ ಪುಸ್ತಕ (ನಾವಿಕರ ಗುರುತಿನ ದಾಖಲೆ), ಶಿಪ್ಪಿಂಗ್ ಮಹಾನಿರ್ದೇಶನಾಲಯ ಒಪ್ಪಿದ ತರಬೇತಿ, ಆರ್‌ಪಿಎಸ್‌ಎಲ್ ಲೈಸೆನ್ಸ್ (ನಾವಿಕರನ್ನು ಕೆಲಸಕ್ಕೆ ಸೇರಿಸಲು ಸರಕಾರ ಕೊಡುವ ಪರವಾನಗಿ) ಇರುವ ಕಂಪನಿ, ಈ ಮೂರೂ ಇದ್ದರೆ ಮಾತ್ರ ಮುಂದೆ ಹೋಗಿ. ದುಡ್ಡು ತೆಗೆದುಕೊಂಡು ಯಾವುದೋ ಹಳೆಯ ಹಡಗಿಗೆ ಹತ್ತಿಸಿ, ಸಂಬಳ ಇಲ್ಲದೆ ಯಾವುದೋ ಬಂದರಿನಲ್ಲಿ ಬಿಟ್ಟುಹೋಗುವ ಜನ ಇದ್ದಾರೆ.

ಏಜೆಂಟ್ ಎರಡು ಲಕ್ಷ ಕೇಳುತ್ತಿದ್ದಾನೆ. ಕೊಡಬಹುದಾ?

ಕೊಡಬೇಡಿ. ನೋಂದಾಯಿತ ಏಜೆಂಟ್ ಸೇವಾ ಶುಲ್ಕವೆಂದು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. ಏಜೆಂಟನ ಹೆಸರು, ಲೈಸೆನ್ಸ್ ನಂಬರ್ ಸರಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಇದೆಯಾ ಎಂದು ನೋಡಿ. ಇಲ್ಲದಿದ್ದರೆ ಅವನು ಎಷ್ಟೇ ಒಳ್ಳೆಯ ಮಾತಾಡಲಿ, ನಿಮ್ಮ ಊರಿನವನೇ ಆಗಿರಲಿ, ಎದ್ದು ಬನ್ನಿ.

ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದದ್ದು, ಆಗಿರುತ್ತದೆ. ಅಂಥವರು ಗಲ್ಫ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವುದಾದರೆ ವಲಸೆ ಅನುಮತಿ ಬೇಕು. ಇದು 1983ರ ವಲಸೆ ಕಾಯ್ದೆಯ ನಿಯಮ. ಇದನ್ನು ತಪ್ಪಿಸಲು ವಿಸಿಟ್ ವೀಸಾದ ಮೇಲೆ ಕಳಿಸಿ ಅಲ್ಲಿ ಹೋದ ಮೇಲೆ ಬದಲಾಯಿಸುತ್ತೇನೆ ಎನ್ನುತ್ತಾರೆ. ಹಾಗೆ ಹೋದರೆ ನಿಮ್ಮ ಹೆಸರು ಎಲ್ಲೂ ದಾಖಲಾಗಿರುವುದಿಲ್ಲ, ಸಂಬಳ ಕೊಡದಿದ್ದರೆ ಯಾರ ಮೇಲೆ ದೂರು ಕೊಡುತ್ತೀರಿ? ಸರಿಯಾದ ದಾರಿಯಲ್ಲಿ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷದ ಅಪಘಾತ ವಿಮೆ ಇದೆ, ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಚಿಕ್ಕ ಮೊತ್ತ, ಆದರೆ ಗಂಡ ಅಲ್ಲೇ ಅಪಘಾತದಲ್ಲಿ ತೀರಿಕೊಂಡಾಗ ಹೆಂಡತಿಯ ಕೈಗೆ ಬರುವ ದುಡ್ಡು ಹಲವು ಸಲ ಅದೊಂದೇ.

ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ, ದೊಡ್ಡ ಸಂಬಳ, ಇಂಟರ್‌ವ್ಯೂ ಟೆಲಿಗ್ರಾಮಿನಲ್ಲಿ ಎಂದು ಯಾರಾದರೂ ಹೇಳಿದರೆ ಇನ್ನೂ ಎಚ್ಚರ. ಅಲ್ಲಿಂದ ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್ ಕಡೆ ಒಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಆನ್‌ಲೈನ್ ಮೋಸದ ಕೆಲಸಕ್ಕೆ ಕೂರಿಸುತ್ತಾರೆ. ಸಿಕ್ಕಿಬಿದ್ದವರು ಭಾರತದ ರಾಯಭಾರ ಕಚೇರಿಗೆ ಹೇಳಬೇಕು, ಮನೆಯವರು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ಹೆಣ್ಣುಮಕ್ಕಳನ್ನು ಒಬ್ಬರೇ ಕಳಿಸಬಹುದಾ?

ನರ್ಸಿಂಗ್ ಓದಿದ ನಮ್ಮ ಹುಡುಗಿಯರು ಒಬ್ಬೊಬ್ಬರೇ ಹೋಗಿ ಮನೆ ಎತ್ತಿ ನಿಲ್ಲಿಸಿದ್ದಾರೆ. ಕಳಿಸಬಹುದಾ ಎಂದು ಕೇಳುವ ಬದಲು ಅವಳಿಗೆ ಹೋಗಬೇಕಾ ಎಂದು ಅವಳನ್ನೇ ಕೇಳಿ. ಮನೆಗೆಲಸಕ್ಕೆ ಎಂದು ಕರೆದರೆ ಮಾತ್ರ ಬಹಳ ಜಾಗ್ರತೆ ಬೇಕು. ಇಸಿಆರ್ ಪಾಸ್‌ಪೋರ್ಟಿನ ಹೆಂಗಸರು 30 ವರ್ಷ ತುಂಬದೆ ಮೇಲೆ ಹೇಳಿದ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಹಾಗಿಲ್ಲ, ಆ ನಿಯಮಕ್ಕೆ ಕಾರಣ ಇದೆ.

ಮದುವೆಯಾಗಿ ಹೋಗುವುದಾದರೆ ಹುಡುಗನ ಕೆಲಸ, ವೀಸಾ, ಹಿಂದಿನ ಮದುವೆ ಎಲ್ಲವನ್ನೂ ವಿಚಾರಿಸಿ. ಮದುವೆಯನ್ನು ಇಲ್ಲೇ ನೋಂದಣಿ ಮಾಡಿಸಿ. ಹುಡುಗಿಗೆ ಅಲ್ಲಿ ಕೆಲಸ ಮಾಡಲು ಅನುಮತಿ ಸಿಗುತ್ತದೆಯಾ ಎಂದೂ ಕೇಳಿ, ಎಂಟೆಕ್ ಮಾಡಿದವಳು ನಾಲ್ಕು ಗೋಡೆಯ ಮಧ್ಯೆ ವರ್ಷಗಟ್ಟಲೆ ಕೂತರೆ ಆಗುವ ಸಂಕಟ ಸಣ್ಣದಲ್ಲ.

ನಾವು ವಯಸ್ಸಾದವರು, ಮಗ ಹೋಗುತ್ತೇನೆ ಎನ್ನುತ್ತಾನೆ. ತಡೆಯಬೇಕಾ?

ತಡೆಯಬೇಡಿ, ಆದರೆ ಮಾತಾಡಿ. ನಮ್ಮ ಮನೆಗಳಲ್ಲಿ ಈ ಮಾತು ಆಗುವುದೇ ಇಲ್ಲ. ಮಗ ಎರಡು ವರ್ಷ ಎನ್ನುತ್ತಾನೆ, ನೀವು ಆಯ್ತು ಎನ್ನುತ್ತೀರಿ, ಇಬ್ಬರಿಗೂ ಅದು ಎರಡು ವರ್ಷ ಅಲ್ಲ ಎಂದು ಗೊತ್ತಿರುತ್ತದೆ. ಕಾಯಿಲೆ ಬಿದ್ದರೆ ಯಾರು ಬರುತ್ತಾರೆ, ಯಾವ ಆಸ್ಪತ್ರೆ, ದುಡ್ಡು ಯಾವ ಖಾತೆಯಲ್ಲಿ, ಹತ್ತಿರದ ಯಾರ ಬಳಿ ಮನೆಯ ಕೀಲಿ, ಇದನ್ನು ಅವನು ಹೊರಡುವ ಮುಂಚೆ ಕೂತು ತೀರ್ಮಾನಿಸಿ. ತೀರಿಕೊಂಡರೆ ಅವನು ಬರುವವರೆಗೆ ಕಾಯಬೇಕಾ ಬೇಡವಾ ಎಂಬುದನ್ನೂ ಹೇಳಿಬಿಡಿ. ಕೇಳಲು ಕಷ್ಟ. ಆದರೆ ಬೇರೆಯವರು ಆ ಹೊತ್ತಿನಲ್ಲಿ ನಿಮ್ಮ ಪರವಾಗಿ ತೀರ್ಮಾನ ಮಾಡುವುದಕ್ಕಿಂತ ಇದು ಒಳ್ಳೆಯದು.

ಜೊತೆಗೆ ಹೋಗಬಹುದಾ ಎಂದರೆ, ದೇಶದ ಮೇಲೆ ಹೋಗುತ್ತದೆ. ಕೆನಡಾದ ಸೂಪರ್ ವೀಸಾದಲ್ಲಿ ತಂದೆ-ತಾಯಿ ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಅಮೆರಿಕಾದಲ್ಲಿ ಮಗ ಅಲ್ಲಿಯ ಪ್ರಜೆಯಾದ ಮೇಲೆ ಕರೆಸಬಹುದು. ಬ್ರಿಟನ್‌ನಲ್ಲಿ ತುಂಬಾ ಕಷ್ಟ. ಅಲ್ಲಿ ಹೋದ ಮೇಲೆ ಚಳಿ, ಒಂಟಿತನ, ಮಾತಾಡಲು ಜನ ಇಲ್ಲದಿರುವುದು ಎಲ್ಲರಿಗೂ ಒಗ್ಗುವುದಿಲ್ಲ. ಮೊದಲು ಮೂರು ತಿಂಗಳು ಹೋಗಿ ಇದ್ದು ನೋಡಿ.

ಹೋದ ಮೇಲೆ ತೋಟ, ಗದ್ದೆ ಏನಾಗುತ್ತದೆ?

ನಿಮ್ಮ ಹೆಸರಲ್ಲಿ ಈಗ ಇರುವ ಜಮೀನು ನಿಮ್ಮದಾಗಿಯೇ ಇರುತ್ತದೆ. ಅಪ್ಪನಿಂದ ವಾರಸಾಗಿಯೂ ಬರಬಹುದು. ಆದರೆ ಅನಿವಾಸಿ ಆದ ಮೇಲೆ ಹೊಸದಾಗಿ ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಖರೀದಿ ಮಾಡುವ ಹಾಗಿಲ್ಲ. ಪೇಟೆಯಲ್ಲಿ ಮನೆ, ಸೈಟು, ಅಂಗಡಿ ಕೊಳ್ಳಬಹುದು. ಅಲ್ಲಿ ದುಡಿದು ಊರಲ್ಲಿ ಎರಡು ಎಕರೆ ಮಾಡಬೇಕು ಎಂಬುದೇ ನಿಮ್ಮ ಕಾರಣವಾಗಿದ್ದರೆ ಈ ನಿಯಮ ಮೊದಲೇ ತಿಳಿದಿರಲಿ, ವಾಪಸ್ ಬಂದು ನೆಲೆ ನಿಂತ ಮೇಲೆಯೇ ಕೊಳ್ಳಬೇಕಾಗುತ್ತದೆ. ಬೇರೆ ದೇಶದ ಪ್ರಜೆಯಾದರೆ ಭಾರತದ ಪೌರತ್ವ ಹೋಗುತ್ತದೆ, ಎರಡು ಪೌರತ್ವಕ್ಕೆ ನಮ್ಮಲ್ಲಿ ಅವಕಾಶವಿಲ್ಲ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡಿನಿಂದ ಬಂದು ಹೋಗಬಹುದು, ಇರಬಹುದು, ಕೃಷಿ ಭೂಮಿ ಕೊಳ್ಳಲು ಆಗುವುದಿಲ್ಲ. ಪಾಲು ಪಟ್ಟಿ ಆಗದ ಮನೆಯವರು ಹೊರಡುವ ಮುಂಚೆ ಅದನ್ನು ಮುಗಿಸಿಕೊಳ್ಳಿ. ಅಣ್ಣತಮ್ಮಂದಿರು ನಾಲ್ಕು ದೇಶದಲ್ಲಿ ಕೂತ ಮೇಲೆ ಒಂದು ಸಹಿಗೆ ವರ್ಷಗಳೇ ಹಿಡಿಯುತ್ತವೆ.

ಬ್ಯಾಂಕ್ ಖಾತೆ, ತೆರಿಗೆ?

ಮಾಮೂಲಿ ಉಳಿತಾಯ ಖಾತೆಯನ್ನು ಅನಿವಾಸಿಗಳ ಇಲ್ಲಿನ ಆದಾಯದ ಖಾತೆಯಾದ ಎನ್‌ಆರ್‌ಒ ಮಾಡಿಸಬೇಕು. ಹೊರಗಿನ ದುಡಿಮೆಗೆ ಎನ್‌ಆರ್‌ಇ ಖಾತೆ ತೆರೆಯಿರಿ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಕೆಲಸಕ್ಕೆ ಹೋದವರು ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಕಮ್ಮಿ ಇಲ್ಲಿದ್ದರೆ ಸಾಮಾನ್ಯವಾಗಿ ಅನಿವಾಸಿ. ಇಲ್ಲಿನ ಆದಾಯ 15 ಲಕ್ಷ ದಾಟಿದವರಿಗೆ ನಿಯಮ ಬೇರೆ, ಅವರು ಲೆಕ್ಕಪರಿಶೋಧಕರನ್ನು ಕೇಳಿ.

ಹೋದವರು ವಾಪಸ್ ಬರುತ್ತಾರಾ?

ಗಲ್ಫ್‌ನವರು ಬರಲೇಬೇಕು, ಇವತ್ತಲ್ಲ ನಾಳೆ. ಕೆಲವೊಮ್ಮೆ ಅವರ ಇಷ್ಟ ಕೇಳದೆಯೇ ಬರಬೇಕಾಗುತ್ತದೆ. 1990ರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿದಾಗ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನದಲ್ಲಿ ಕರೆತಂದರು, ಜಾಸ್ತಿ ಜನ ದುಡಿದದ್ದೆಲ್ಲಾ ಅಲ್ಲೇ ಬಿಟ್ಟು ಬಂದರು. ಕೆಲಸದಲ್ಲಿ ತನ್ನ ಪ್ರಜೆಗಳಿಗೆ ಪಾಲು ಇಡುವ ಸೌದಿಯ ನಿತಾಕತ್ ನಿಯಮ ಬಿಗಿಯಾದ 2013ರಲ್ಲಿ, ಕೊರೊನಾದ 2020ರಲ್ಲಿ ಮತ್ತೆ ಅದೇ ಆಯಿತು. ಹಾಗಾಗಿ ಮೊದಲ ತಿಂಗಳಿನಿಂದಲೇ ಊರಲ್ಲಿ ಏನಾದರೂ ಒಂದು ಆಧಾರ ಕಟ್ಟುತ್ತಾ ಬನ್ನಿ. ಮನೆಗೆ ಮೂರನೇ ಮಾಳಿಗೆ ಆಮೇಲೆ ಏರಿಸಬಹುದು.

ಅಮೆರಿಕಾ, ಯುರೋಪಿನವರು ಮಕ್ಕಳು ಹೈಸ್ಕೂಲಿಗೆ ಬರುವ ಮುಂಚೆ ಬಂದರೆ ಬರುತ್ತಾರೆ, ಆಮೇಲೆ ಬರುವುದು ಕಮ್ಮಿ. ಬರಬೇಕು ಎಂದು ನಿಜವಾಗಿ ಮನಸ್ಸಿದ್ದರೆ ಆ ವರ್ಷವನ್ನು ಗಂಡ-ಹೆಂಡತಿ ಇಬ್ಬರೂ ಮೊದಲೇ ಗೊತ್ತು ಮಾಡಿಕೊಳ್ಳಿ. ವಾಪಸ್ ಬಂದವರನ್ನು ಅಲ್ಲಿ ಏನೋ ಆಯಿತಂತೆ ಎಂದು ನೋಡುವುದನ್ನು ಊರಿನವರು ಬಿಡಬೇಕು. ಆ ಮಾತಿಗೆ ಹೆದರಿ ಬಾರದೇ ಉಳಿದವರನ್ನು ನಾನು ನೋಡಿದ್ದೇನೆ.

ಹೊರಗಿದ್ದರೆ ಓಟು ಹಾಕಬಹುದಾ?

ಭಾರತದ ಪಾಸ್‌ಪೋರ್ಟ್ ಇರುವವರೆಗೆ ಹಾಕಬಹುದು. ಬೇರೆ ದೇಶದ ಪೌರತ್ವ ಪಡೆದಿರಬಾರದು. 6ಎ ಅರ್ಜಿ ತುಂಬಿ ನಿಮ್ಮ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಹೆಸರು ಸೇರಿಸಿ. ಮತದಾನದ ದಿನ ಮಾತ್ರ ಇಲ್ಲಿಗೇ ಬಂದು, ಪಾಸ್‌ಪೋರ್ಟ್ ತೋರಿಸಿ ಹಾಕಬೇಕು.